ಗೆಣ್ಣಿಗೆ ಜಾಗ ಬಿಟ್ಟ ಮೆಟ್ಟು

೧೯೫೫ ಆಗಸ್ಟ್ ೮, ಸೋಮವಾರ

ಮನೆಗೆ ಬಂದು ಬೂಟು ಕಳಚಿದಾಗ ಬಲಗಾಲಿನ ಗೆಣ್ಣು ಕೆಂಪಗೆ ಊದಿಕೊಂಡಿತ್ತು. ಹೆಬ್ಬೆರಳ ಬುಡದಲ್ಲಿ ಮೂಳೆ ಹೊರಕ್ಕೆ ಉಬ್ಬಿ, ಬೆರಳು ಪಕ್ಕದ ಬೆರಳಿನ ಮೇಲೆ ವಾಲಿಕೊಂಡು ವರ್ಷಗಳೇ ಆದವು. ಮೊದಲು ನೋಡಲು ಮಾತ್ರ ವಿಕಾರವಾಗಿತ್ತು. ಈಗ ನಡೆದರೂ ನೋವು, ನಿಂತರೂ ನೋವು. ಎಡಗಾಲಿನದೂ ಅದೇ ದಾರಿ ಹಿಡಿದಿದೆ. ಮನೆಮನೆ ಸುತ್ತಿ ಬಸುರಿಯರನ್ನೂ ಬಾಣಂತಿಯರನ್ನೂ ನೋಡುವ ಮಿಡ್‌ವೈಫಿಗೆ ಕಾಲೇ ಬಂಡವಾಳ. ಕಾಲೇ ಕೈಕೊಟ್ಟರೆ ಏನು ಮಾಡುವುದು?

ಹೆರಿಗೆ ಆಸ್ಪತ್ರೆಗೆ ಹೊಸದಾಗಿ ಬಂದಿರುವ ಡಾಕ್ಟರ್ ಸರ್ವಮಂಗಳಾ ನನಗಿಂತ ಎಷ್ಟೋ ಚಿಕ್ಕವರು. ಇವತ್ತು ನಾನು ಮೆಟ್ಟಿಲಿಳಿಯುವುದನ್ನು ನೋಡುತ್ತ ನಿಂತಿದ್ದರು. ಆಮೇಲೆ ಕರೆದು, ದೀಪಾವಳಿ ಕಳೆದ ಮೇಲೆ ಸುತ್ತುವ ಕೆಲಸವನ್ನು ಬೇರೆಯವರಿಗೆ ಕೊಟ್ಟು ನಾನು ಸ್ಟೋರು ನೋಡಿಕೊಂಡರೆ ಹೇಗೆ ಎಂದು ಕೇಳಿದರು. ನನಗೇನೂ ಆಗಿಲ್ಲ, ಮೆಟ್ಟಿಲ ಮೇಲೆ ಕಾಲು ಜಾರಿತು ಅಷ್ಟೆ ಎಂದೆ. ಹತ್ತಿ, ಡೆಟಾಲು, ಬಟ್ಟೆ ಎಣಿಸಿಕೊಂಡು ಕೂರುವುದಕ್ಕೆ ನಾನು ಈ ಕೆಲಸ ಕಲಿಯಲಿಲ್ಲ. ಬಂದು ಇನ್ನೂ ಆರು ತಿಂಗಳಾಗಿಲ್ಲ, ಆಗಲೇ ಹಳಬರನ್ನು ಮೂಲೆಗೆ ತಳ್ಳುವ ಆತುರ.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಇದ್ದರು. ನಮ್ಮವರು ತೀರಿಕೊಂಡ ಮೇಲೆ ಅವರು ಕಡಕೊಳದಿಂದ ಬಂದು ಈ ಒಂಟಿಕೊಪ್ಪಲಿನ ಮನೆಯಲ್ಲಿ ನನ್ನ ಜೊತೆ ಇದ್ದಾರೆ. ಚರ್ಮದ ಬೂಟು ಹೊಸಿಲು ದಾಟಬಾರದೆಂಬುದು ಅವರ ಕಟ್ಟಳೆ. ಕುಂಟುತ್ತ ಬಂದವಳನ್ನು ಏನಾಯಿತು ಎಂದು ಕೇಳಲಿಲ್ಲ. ಬೂಟು ಆಚೆಗೇ ಇಟ್ಟೆನೇ ಎಂದು ಮಾತ್ರ ನೋಡಿದರು. ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಉಣ್ಣುತ್ತೇವೆ, ಮಾತು ಮಾತ್ರ ಉಪ್ಪಿನಷ್ಟು.

ಆಗಸ್ಟ್ ೧೩, ಶನಿವಾರ

ಸಯ್ಯಾಜಿರಾವ್ ರಸ್ತೆಯ ಅಂಗಡಿಗೆ ಹೋಗಿ ಹೊಸ ಬೂಟು ಕೊಂಡೆ. ಅದೇ ಕಪ್ಪು, ಅದೇ ಚೂಪು ಮೂತಿ, ಅಳತೆ ಮಾತ್ರ ಒಂದು ದೊಡ್ಡದು. ಅಂಗಡಿಯವರು, "ಚರ್ಮ ಹೊಸದಲ್ವೆ, ನಾಲ್ಕು ದಿನ ಹಾಕ್ಕೊಂಡು ಓಡಾಡಿ, ತಾನೇ ಬಿಟ್ಕೊಳ್ತದೆ" ಎಂದರು. ಬೆಳಗಿನ ಹೊತ್ತಾದ್ದರಿಂದ ಕಾಲು ಊದಿರಲಿಲ್ಲ, ಹಾಕಿಕೊಂಡಾಗ ಹಿತವಾಗಿಯೇ ಇತ್ತು.

ಪಕ್ಕದಲ್ಲಿ ಅಗಲ ಮೂತಿಯ ಒಂದು ಜೊತೆ ಇತ್ತು. ಎತ್ತಿಕೊಂಡು ನೋಡಿ ಕೆಳಗಿಟ್ಟೆ. ಗಂಡಸರದಿದ್ದ ಹಾಗಿತ್ತು. ತರಬೇತಿ ಮುಗಿಸಿ ಮೊದಲ ದಿನ ಕಪ್ಪು ಬೂಟು ತೊಟ್ಟು ಬೀದಿಗೆ ಇಳಿದಾಗ ಎದುರುಮನೆಯವರು ಒಳಗಿದ್ದವರನ್ನೆಲ್ಲ ಕರೆದು ತೋರಿಸಿದ್ದು ನೆನಪಿದೆ. ನಮ್ಮ ಕಡೆಯ ಹೆಂಗಸರಲ್ಲಿ ಬೂಟು ಹಾಕಿದವಳು ನಾನೇ ಮೊದಲು.

ಆಗಸ್ಟ್ ೧೭

ಬೂಟು ಉದ್ದಕ್ಕೆ ದೊಡ್ಡದಾಯಿತೇ ಹೊರತು ಅಗಲಕ್ಕಲ್ಲ. ಗೆಣ್ಣು ಮೊದಲಿನಂತೆಯೇ ಒತ್ತುತ್ತಿದೆ. ಹಿಂದೆ ಸಡಿಲವಾಗಿ ಹಿಮ್ಮಡಿ ಉಜ್ಜಿ ಬೊಬ್ಬೆ ಬೇರೆ ಬಂದಿದೆ. ಒಂದು ಕಡೆ ಇದ್ದ ನೋವು ಎರಡು ಕಡೆಯಾಯಿತು.

ಬರೆಯಲು ಮನಸ್ಸಿಲ್ಲ.

ಆಗಸ್ಟ್ ೨೫, ಗುರುವಾರ

ಇವತ್ತಿನದನ್ನು ಬರೆಯದೆ ಮಲಗಬಾರದು.

ಊಟದ ಹೊತ್ತಿಗೆ ಬೋಗಾದಿಯಿಂದ ಒಬ್ಬರು ಓಡಿಬಂದರು. ಅವರ ಸೊಸೆ ಚೆಲುವಮ್ಮನಿಗೆ ಬೆಳಗಿನಿಂದ ನೋವು. ಚೊಚ್ಚಲು. ಈಗ ಮಗುವಿನ ಕಾಲು ಕಾಣಿಸುತ್ತಿದೆ ಎಂದರು. ಜಟಕಾ ಸಿಗಲಿಲ್ಲ. ಚೀಲ ಅವರ ಕೈಗೆ ಕೊಟ್ಟು, ಮುಂದೆ ಹೋಗಿ ನೀರು ಕಾಯಿಸಿ, ಮಗುವನ್ನು ಯಾರೂ ಹಿಡಿದು ಎಳೆಯಕೂಡದು ಎಂದು ಹೇಳಿ ಕಳಿಸಿ ಹಿಂದೆಯೇ ಹೊರಟೆ.

ಕುಕ್ಕರಹಳ್ಳಿ ಕೆರೆಯ ಹತ್ತಿರ ಬರುವಷ್ಟರಲ್ಲಿ ಹೆಜ್ಜೆ ಎತ್ತಿಡಲು ಆಗದಂತಾಯಿತು. ಒಂದೊಂದು ಹೆಜ್ಜೆಗೂ ಗೆಣ್ಣಿಗೆ ಮೊಳೆ ಹೊಡೆದ ಹಾಗೆ. ಏರಿಯ ಮೇಲೆ ಕಲ್ಲಿನ ಮೇಲೆ ಕೂತುಬಿಟ್ಟೆ. ಅಲ್ಲಿ ಒಬ್ಬಳು ಹುಡುಗಿ ಸಾವು ಬದುಕಿನ ನಡುವೆ ಇದ್ದಾಳೆ, ಇಲ್ಲಿ ನಾನು ಕಾಲು ಹಿಡಿದುಕೊಂಡು ಕೂತಿದ್ದೇನೆ ಎಂದು ಅಳುವೇ ಬಂತು. ಬೂಟುಗಳನ್ನು ಬಿಚ್ಚಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆದೆ. ರಸ್ತೆಗೆ ಜಲ್ಲಿ ಹಾಕಿದ್ದರು. ಅಂಗಾಲು ಹರಿಯಿತು, ಆದರೆ ಗೆಣ್ಣಿಗೆ ಗಾಳಿ ತಗುಲಿದ್ದೇ ನಡೆಯಲು ಬಂತು. ಹಾಗೇ ಅರ್ಧ ಓಡಿ ಅರ್ಧ ನಡೆದು ಮುಟ್ಟಿದೆ.

ಮುಟ್ಟಿದಾಗ ಮಗು ಸೊಂಟದವರೆಗೆ ಹೊರಗಿತ್ತು. ನೆರೆಯ ಮುದುಕಿಯೊಬ್ಬರು ಎಳೆಯಲು ಕೈ ಚಾಚಿದ್ದರು. ಇನ್ನು ಸ್ವಲ್ಪ ತಡವಾಗಿದ್ದರೆ ಏನಾಗುತ್ತಿತ್ತೋ, ಅದನ್ನು ಬರೆಯಲಾರೆ. ಚೆಲುವಮ್ಮನನ್ನು ಮಂಚದ ಅಂಚಿಗೆ ತಂದು, ಮಗುವಿನ ಮೈಯನ್ನು ಅದರ ಭಾರಕ್ಕೇ ಬಿಟ್ಟು ಕಾದೆ. ಕಾಯುವುದೇ ಈ ಹೆರಿಗೆಯಲ್ಲಿ ಕಷ್ಟದ ಕೆಲಸ. ಕೊನೆಗೆ ತಲೆ ಬಂತು. ನೀಲಿಯಾಗಿದ್ದ ಮಗು ಬಾಯಿ ಒರೆಸಿ ಬೆನ್ನು ತಿಕ್ಕಿದ ಮೇಲೆ ಅತ್ತಿತು. ಹೆಣ್ಣುಮಗು. ಚೆಲುವಮ್ಮ ನನ್ನ ಮೊಣಕೈಯನ್ನು ಬಿಡಲೇ ಇಲ್ಲ.

ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಸೊಂಟ ಹಿಡಿದಿದ್ದು ಬಿಡುತ್ತದಂತೆ. ಎಳೆಯಲು ಹೋಗಿದ್ದ ಮುದುಕಿಯೇ, ಇನ್ನು ನಮ್ಮೂರಿನ ಸೊಂಟನೋವಿಗೆಲ್ಲ ಇವಳೇ ಔಷಧಿ ಎಂದು ನಗುತ್ತ ಕಣ್ಣೊರೆಸಿಕೊಂಡರು. ಸಂಜೆ ಹೊಲದಿಂದ ಬಂದ ಚೆಲುವಮ್ಮನ ಮನೆಯ ಗಾಡಿಯಲ್ಲಿ ನನ್ನನ್ನು ಮನೆಗೆ ಬಿಟ್ಟರು.

ದೇವರು ದೊಡ್ಡವನು. ಆದರೆ ಇಂಥ ಕಾಲಿಟ್ಟುಕೊಂಡು ಇನ್ನೊಂದು ಸಲ ಅವನನ್ನು ಪರೀಕ್ಷಿಸಬಾರದು. ನಾಳೆ ಡಾಕ್ಟರಿಗೆ ನಾನೇ ಹೇಳುತ್ತೇನೆ. ಸ್ಟೋರು ಎಂದರೆ ಸ್ಟೋರು.

ಆಗಸ್ಟ್ ೨೬

ಹೇಳಿದೆ. ಕೆರೆ ಏರಿಯ ಮೇಲೆ ಕೂತದ್ದನ್ನೂ ಬಿಡದೆ ಹೇಳಿದೆ.

ಡಾಕ್ಟರ್ ಸರ್ವಮಂಗಳಾ ಬಾಗಿಲು ಮುಂದೆ ಮಾಡಿ, ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ತಾವು ನೆಲದ ಮೇಲೆ ಕೂತು ನನ್ನ ಪಾದವನ್ನು ಮಡಿಲಿಗೆ ತೆಗೆದುಕೊಂಡರು. ನನಗೆ ನಾಚಿಕೆಯಾಗಿ ಎಳೆದುಕೊಳ್ಳಲು ಹೋದೆ, ಬಿಡಲಿಲ್ಲ. ಬೆರಳನ್ನು ಮೆಲ್ಲಗೆ ಆಡಿಸಿ ನೋಡಿದರು.

"ಈ ಮೂಳೆ ಹಿಂದಕ್ಕೆ ಹೋಗೋದಿಲ್ಲ, ಲಕ್ಷ್ಮಮ್ಮನವರೇ. ಆಪರೇಷನ್ ಅಂದ್ರೆ ತಿಂಗಳುಗಟ್ಟಲೆ ಮಲಗಬೇಕು. ಅದಕ್ಕೂ ಮೊದಲು ಕಾಲಿಗೆ ತಕ್ಕ ಚಪ್ಪಲಿ ಹುಡುಕೋಣ. ಇಷ್ಟು ದಿನ ನೀವು ಚಪ್ಪಲಿಗೆ ತಕ್ಕ ಹಾಗೆ ಕಾಲನ್ನ ಮಡಿಸಿದೀರಿ."

ಚಪ್ಪಲಿ ಆರಿಸುವಾಗ ಏನೇನು ನೋಡಬೇಕೆಂದು ಹೇಳಿಕೊಟ್ಟರು. ಅಳತೆಯನ್ನು ಸಂಜೆ ಕೊಡಬೇಕು, ಆಗ ಕಾಲು ಊದಿರುತ್ತದೆ. ಕೂತು ಕೊಡಬಾರದು, ನಿಂತು ಕೊಡಬೇಕು, ಭಾರ ಬಿದ್ದಾಗಲೇ ಪಾದದ ನಿಜವಾದ ಅಗಲ ತಿಳಿಯುವುದು. ಎರಡು ಕಾಲೂ ಒಂದೇ ಸಮ ಇರುವುದಿಲ್ಲ, ಎರಡನ್ನೂ ಅಳೆಯಬೇಕು. ಬೆರಳುಗಳು ಒಂದರ ಮೇಲೊಂದು ಹತ್ತದೆ ಹರಡಿಕೊಳ್ಳುವಷ್ಟು ಮುಂದೆ ಅಗಲ ಬೇಕು. ಹಿಮ್ಮಡಿ ಎತ್ತರ ಇದ್ದರೆ ಮೈಭಾರವೆಲ್ಲ ಮುಂದಕ್ಕೆ ಬಂದು ಬೆರಳ ಮೇಲೆ ಕೂರುತ್ತದೆ, ಅದು ಬೇಡ. ಗೆಣ್ಣಿನ ಮೇಲೆ ಹೊಲಿಗೆ ಹಾದುಹೋಗಬಾರದು.

ಕಪ್ಪು ಬೂಟೇ ಹಾಕಬೇಕೆಂಬ ನಿಯಮ ಇದೆಯಲ್ಲ ಎಂದೆ. ಅದನ್ನು ನಾನು ನೋಡಿಕೊಳ್ಳುತ್ತೇನೆ, ಅಲ್ಲಿಯವರೆಗೆ ದೂರದ ಮನೆಗಳಿಗೆ ಬೇರೆಯವರು ಹೋಗುತ್ತಾರೆ ಎಂದರು. ಕೊನೆಗೆ, "ಸ್ಟೋರಿನ ಮಾತು ಆಡಿದ್ದು ನಿಮ್ಮ ಕಾಲಿಗೆ ವಿಶ್ರಾಂತಿ ಸಿಗಲಿ ಅಂತ. ಸುತ್ತೋ ಕೆಲಸಾನೇ ಬೇಕು ಅಂತ ನೀವು ಹೇಳಿದ್ರೆ ತಾನೆ ನನಗೆ ಗೊತ್ತಾಗೋದು?" ಎಂದರು.

ನಾನು ಏನೇನೋ ಅಂದುಕೊಂಡಿದ್ದೆ.

ಆಗಸ್ಟ್ ೨೮, ಭಾನುವಾರ

ಅತ್ತೆಗೆ ಡಾಕ್ಟರು ಹೇಳಿದ್ದನ್ನು ಹೇಳಿದೆ. ಇಂಗ್ಲಿಷಿನಲ್ಲಿ ಈ ಗೆಣ್ಣಿಗೆ ಬನಿಯನ್ ಎನ್ನುತ್ತಾರೆ ಎಂದಾಗ, ಅದು ಗಂಡಸರು ಅಂಗಿಯೊಳಗೆ ಹಾಕುವುದಲ್ಲವೇ ಎಂದರು. ನಗು ಬಂತು. ಅವರೂ ನಕ್ಕರು.

ಆಮೇಲೆ ಒಳಗೆ ಹೋಗಿ ಹರಳೆಣ್ಣೆ ಬಿಸಿ ಮಾಡಿಕೊಂಡು ಬಂದರು. ನಾನು ಹಚ್ಚಿಕೊಳ್ಳುತ್ತೇನೆ ಎಂದರೂ ಕೇಳದೆ ತಾವೇ ಕೂತು ಹಚ್ಚಿದರು. "ವಸಿ ಹೊತ್ತು ಅಂಗೇ ಬುಡು, ಎಣ್ಣೆ ಇಳೀಲಿ. ನನ್ಗೂ ಇಂಗೇ ಆಯ್ತದೆ" ಎಂದು ಸೀರೆ ಸರಿಸಿ ತೋರಿಸಿದರು.

ಅವರ ಎರಡು ಹೆಬ್ಬೆರಳೂ ನನ್ನದಕ್ಕಿಂತ ಹೆಚ್ಚು ವಾಲಿವೆ. ಗೆಣ್ಣು ನೆಲ್ಲಿಕಾಯಷ್ಟು ದಪ್ಪ. ಹಿಮ್ಮಡಿಯ ತುಂಬ ಸೀಳು. ಎಷ್ಟೋ ಮನೆಗಳಿಗೆ ಹೋಗಿ ಯಾರು ಯಾರ ಊದಿದ ಕಾಲನ್ನೋ ಒತ್ತಿ ನೋಡುವವಳು ನಾನು. ಒಂದೇ ಸೂರಿನ ಕೆಳಗಿನ ಈ ಕಾಲು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಇವರು ಜೀವನದಲ್ಲಿ ಒಂದು ದಿನವೂ ಮೆಟ್ಟು ಮೆಟ್ಟಿದವರಲ್ಲ. ಬೂಟಿನಿಂದಲೇ ಎಲ್ಲಾ ಆಗುವುದಲ್ಲ, ಕೆಲವರ ಮೂಳೆಯೇ ಹಾಗೆ ಎಂದು ಡಾಕ್ಟರು ಹೇಳಿದ್ದು ಸರಿಯೇ. ನೋಯುವುದಿಲ್ಲವೇ ಎಂದು ಕೇಳಿದೆ. ನೋಯ್ತದೆ, ಆದರೆ ಹೊಲದಲ್ಲಿ ಯಾರಿಗೆ ನೋವಿಲ್ಲ ಎಂದರು. ತರಕಾರಿ ಕುಕ್ಕೆ ಹೊತ್ತು ನಂಜನಗೂಡಿನ ಸಂತೆಗೆ ನಡೆದು ಹೋಗುತ್ತಿದ್ದುದು, ಕಾದ ಮಣ್ಣಿನ ಮೇಲೆ ಮುತ್ತುಗದ ಎಲೆ ಕಟ್ಟಿಕೊಂಡು ನಡೆದದ್ದು, ಎಲ್ಲ ಹೇಳಿದರು. ಇಷ್ಟು ಮಾತನ್ನು ಅವರ ಬಾಯಲ್ಲಿ ನಾನು ಕೇಳಿಯೇ ಇರಲಿಲ್ಲ.

ಸೆಪ್ಟೆಂಬರ್ ೩, ಶನಿವಾರ

ಶಿವರಾಮಪೇಟೆಯ ತಿರುವಿನಲ್ಲಿ ಚಪ್ಪಲಿ ಹೊಲಿಯುವ ಮರಿಯಯ್ಯನವರ ಬಳಿಗೆ ಸಂಜೆ ಹೋದೆ. ಅವರ ಹೆಂಡತಿ ತಿಮ್ಮಮ್ಮನೂ ಪಕ್ಕದಲ್ಲೇ ಕೂತು ಹೊಲಿಯುತ್ತಾರೆ. ಹಳೆಯ ಪತ್ರಿಕೆ ಹಾಸಿ ಅದರ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದರು. ಬಲಗಾಲಿನದು ಎಡಗಾಲಿಗಿಂತ ಅಗಲ ಬಂತು.

ಯಾವ ತರಹದ್ದು ಬೇಕು ಎಂದು ಕೇಳಿದರು. ನನಗೆ ಬೂಟು ಬಿಟ್ಟರೆ ಬೇರೆ ಗೊತ್ತಿಲ್ಲ. ಹೆಬ್ಬೆರಳು ತೂರಿಸುವ ಉಂಗುಟ ಇರುವ ಚಪ್ಪಲಿಯನ್ನೇ ಎಲ್ಲರೂ ಹಾಕುವುದು, ಕಾಲಿಗೆ ಭದ್ರವಾಗಿ ಕೂರುತ್ತದೆ ಎಂದರು. ಒಪ್ಪಿದೆ.

ಸೆಪ್ಟೆಂಬರ್ ೧೨

ಉಂಗುಟದ ಚಪ್ಪಲಿ ಆಗಲಿಲ್ಲ. ಅಟ್ಟೆ ಅಗಲವಾಗಿ ಬೇಕಾದ ಹಾಗೇ ಇದೆ. ಆದರೆ ಪ್ರತಿ ಹೆಜ್ಜೆಗೂ ಉಂಗುಟ ಹೆಬ್ಬೆರಳನ್ನು ಒಳಕ್ಕೆ ಎಳೆಯುತ್ತದೆ. ಮೊದಲೇ ಆ ಕಡೆಗೆ ವಾಲಿರುವ ಬೆರಳು ಅದು. ಇವತ್ತು ಮರಿಯಯ್ಯನವರಿಗೆ ಅದನ್ನು ತೋರಿಸಿದೆ.

ಅವರು ಬೇಸರ ಮಾಡಿಕೊಳ್ಳಲಿಲ್ಲ. "ನನ್ಗೂ ಇದು ಹೊಳೀನಿಲ್ಲ ಕಣ್ರವ್ವ" ಎಂದು ಚಪ್ಪಲಿ ತಿರುವಿ ತಿರುವಿ ನೋಡಿದರು. ಉಂಗುಟ ತೆಗೆದು ಅಗಲ ಪಟ್ಟಿ ಒಂದನ್ನೇ ಹಾಕೋಣ ಎಂದರು. ಅದು ಸರಿಯಾಗಿ ಗೆಣ್ಣಿನ ಮೇಲೆಯೇ ಬರುತ್ತದೆ ಎಂದೆ. ತಿಮ್ಮಮ್ಮ ಸೀಮೆಸುಣ್ಣ ತೆಗೆದುಕೊಂಡು ನೋವು ಎಲ್ಲಿಂದ ಎಲ್ಲಿಯವರೆಗೆ ಎಂದು ಕೇಳಿ ನನ್ನ ಕಾಲಿನ ಮೇಲೇ ಗುರುತು ಹಾಕಿದರು. ಮೂವರೂ ಆ ಬಿಳಿ ಗುರುತನ್ನೇ ನೋಡುತ್ತ ಕೂತೆವು. ಬೆರಳುಗಳ ಮೇಲೆ ಒಂದು ಪಟ್ಟಿ, ಪಾದದ ಏರಿನ ಮೇಲೆ ಇನ್ನೊಂದು, ನಡುವೆ ಗೆಣ್ಣಿಗೆ ಜಾಗ ಬಿಟ್ಟರೆ ಹೇಗೆ ಎಂದೆ. ಹಾಗೆ ಮಾಡಿದರೆ ಪಾದ ಮುಂದಕ್ಕೆ ಜಾರುತ್ತದೆ, ಹಿಮ್ಮಡಿಗೆ ಬಕಲ್ಲಿನ ಪಟ್ಟಿ ಹಾಕಲೇಬೇಕು ಎಂದರು ಮರಿಯಯ್ಯ. ಪಟ್ಟಿಯ ಒಳಗಡೆಗೆ ಮೇಕೆಯ ಮೆತ್ತನೆ ಚರ್ಮ ಕೊಡೋಣ, ಹೊಲಿಗೆ ಹೊರಗೆ ಬರಲಿ ಎಂದರು ತಿಮ್ಮಮ್ಮ.

ಅಟ್ಟೆಯ ಮುಂಭಾಗ ಮೊರದಷ್ಟು ಅಗಲ. ನೋಡಲು ಚೆನ್ನಾಗಿರುವುದಿಲ್ಲ. ಇರದಿದ್ದರೆ ಇಲ್ಲ.

ಸೆಪ್ಟೆಂಬರ್ ೨೧, ಬುಧವಾರ

ಗಣೇಶನ ಹಬ್ಬದ ಗಲಾಟೆಯಲ್ಲಿ ತಡವಾಗಿ ಹೊಸ ಚಪ್ಪಲಿ ನಿನ್ನೆ ಸಂಜೆ ಕೈಗೆ ಬಂತು. ಇವತ್ತು ಅದನ್ನೇ ಹಾಕಿಕೊಂಡು ಪಡುವಾರಹಳ್ಳಿಯ ಮನೆಗಳನ್ನೆಲ್ಲ ಮುಗಿಸಿ ಬಂದೆ.

ನೋವಿಲ್ಲ.

ಪೂರ್ತಿ ಇಲ್ಲವೆಂದಲ್ಲ. ಆದರೆ ದಾರಿಯಲ್ಲಿ ಕಾಲಿನ ಯೋಚನೆ ಬಿಟ್ಟು ಬೇರೆ ಯೋಚನೆ ಮಾಡಿದೆ. ಹೊಂಗೆ ಮರದಲ್ಲಿ ಗಿಣಿ ಕೂತಿದ್ದನ್ನು ನಿಂತು ನೋಡಿದೆ. ಎಷ್ಟು ಕಾಲವಾಯಿತೋ ದಾರಿಯಲ್ಲಿ ತಲೆಯೆತ್ತಿ ನೋಡಿ.

ಆಸ್ಪತ್ರೆಯಲ್ಲಿ ಜೊತೆಯವರು ಬಾತುಕೋಳಿ ಪಾದ ಎಂದು ನಕ್ಕರು. ನಾನೂ ನಕ್ಕೆ. ಡಾಕ್ಟರು ಆಫೀಸಿಗೆ ಹೋಗಿ ಮಾತಾಡಿ ಬಂದಿದ್ದಾರೆ. ಬಣ್ಣ ಕಪ್ಪಾಗಿರಬೇಕು, ಅಷ್ಟೇ ಅಂತೆ. ದೂರದ ಮನೆಗಳೂ ಸೋಮವಾರದಿಂದ ಮತ್ತೆ ನನಗೆ. ಅವರ ಹೊಟ್ಟೆ ತಣ್ಣಗಿರಲಿ.

ಅತ್ತೆಯನ್ನು ಈಗೀಗ ಅವ್ವ ಎಂದೇ ಕರೆಯುತ್ತೇನೆ. ಮನೆಯಲ್ಲಿ ಅವ್ವ ಚಪ್ಪಲಿಯನ್ನು ಕೈಯಲ್ಲೇ ಎತ್ತಿಕೊಂಡು ಪಟ್ಟಿಯ ಒಳಗೆ ಬೆರಳಾಡಿಸಿ ನೋಡಿದರು. "ಮೆತ್ಗದೆ ಕಣಮ್ಮ, ಎಳೆಗರಿನ ಕಿವಿ ಇದ್ದಂಗೆ" ಎಂದರು. ಹೊರಗೆ ನಾಯಿ ಕಚ್ಚಿಕೊಂಡು ಹೋದೀತು ಎಂದು ಹೊಸಿಲಿನ ಒಳಗಡೆ ಮೂಲೆಯಲ್ಲಿ ಇಟ್ಟರು.

ಅಕ್ಟೋಬರ್ ೨, ಭಾನುವಾರ

ಅವ್ವನಿಗೂ ಒಂದು ಜೊತೆ ಮಾಡಿಸಬೇಕೆಂದು ವಾರದಿಂದ ಹೇಳುತ್ತಿದ್ದೇನೆ. ಈ ವಯಸ್ಸಿಗೆ ಮೆಟ್ಟು ಮೆಟ್ಟಿಕೊಂಡು ಬೀದಿಗೆ ಹೋದರೆ ಕಡಕೊಳದವರು ಏನಂದಾರು ಎಂದು ಒಂದು ದಿನ. ಮೆಟ್ಟು ಹಾಕಿದರೆ ನೆಲ ತಿಳಿಯದೆ ಬೀಳುತ್ತೇನೆ ಎಂದು ಇನ್ನೊಂದು ದಿನ. ಕೊನೆಗೆ ನಿನ್ನೆ, "ನಾನು ದಿನಾ ನೋವಿಲ್ದೆ ನಡೀವಾಗ ನೀವು ಕುಂಟೋದು ನೋಡಕ್ಕಾಗಲ್ಲ ಅವ್ವ" ಎಂದೆ. ಇವತ್ತು ಸಂಜೆ ತಾವೇ ಸೆರಗು ಸರಿಮಾಡಿಕೊಂಡು ಬಾಗಿಲಲ್ಲಿ ನಿಂತರು.

ಮರಿಯಯ್ಯ ಪತ್ರಿಕೆ ಹಾಸಿದರು. ತಿಮ್ಮಮ್ಮ ಕಾಲು ಹಿಡಿಯಲು ಬಗ್ಗಿದಾಗ ಅವ್ವ ಹಿಂದಕ್ಕೆಳೆದುಕೊಂಡರು. "ಬ್ಯಾಡ ಕಣವ್ವ, ನನ್ ಕಾಲು ಬಲು ಒರಟು. ನೀನ್ಯಾಕೆ ಮುಟ್ಟಬೇಕು."

ತಿಮ್ಮಮ್ಮ ಎದ್ದುನಿಂತು ತಮ್ಮ ಒಂದು ಪಾದವನ್ನು ಅವ್ವನ ಪಾದದ ಪಕ್ಕ ಪತ್ರಿಕೆಯ ಮೇಲಿಟ್ಟರು. ಅದೇ ವಾಲಿದ ಬೆರಳು, ಅದೇ ಗೆಣ್ಣು. ನಾನೂ ಚಪ್ಪಲಿ ಬಿಚ್ಚಿ ನನ್ನದನ್ನೂ ಇಟ್ಟೆ. ಒಂದೇ ಹಾಳೆಯ ಮೇಲೆ ಮೂವರ ಪಾದ. ಒಬ್ಬಳು ಹೊಲದವಳು, ಒಬ್ಬಳು ಚಪ್ಪಲಿ ಹೊಲಿಯುವವಳು, ಒಬ್ಬಳು ಆಸ್ಪತ್ರೆಯವಳು. ಒಂದೇ ತಾಯಿ ಹೆತ್ತ ಹಾಗಿದ್ದವು.

ಅವ್ವ ತಿಮ್ಮಮ್ಮನ ಮುಖ ನೋಡಿ ಕೇಳಿದರು, "ನೀನು ಊರೋರ್ಗೆಲ್ಲ ಮೆಟ್ಟು ಹೊಲಿಯೋಳು. ನಿನ್ ಕಾಲ್ಗೆ ಯಾಕವ್ವ ಇಲ್ಲ?"

"ಊರೋರ್ದು ಮುಗೀಲಿ ಅಂತ ಕಾಯ್ತಿವ್ನಿ ಕಣವ್ವ" ಎಂದು ತಿಮ್ಮಮ್ಮ ನಕ್ಕರು.

ಮರಿಯಯ್ಯ ನಗಲಿಲ್ಲ. ಪೆನ್ಸಿಲು ತೆಗೆದುಕೊಂಡು ಮೊದಲು ಅವ್ವನ ಪಾದದ ಸುತ್ತ ಗೆರೆ ಎಳೆದರು. ಹೆಂಡತಿ ಕಾಲು ತೆಗೆಯಲು ಹೋದಾಗ, "ಇರು" ಎಂದು ಹೇಳಿ ಅವರ ಪಾದದ ಸುತ್ತಲೂ ನಿಧಾನವಾಗಿ ಎಳೆದರು. ತಿಮ್ಮಮ್ಮ ಬೇರೆ ಕಡೆ ನೋಡುತ್ತಿದ್ದರು. ಸೆರಗಿನ ತುದಿ ಬಾಯಿಗೆ ಹೋಗಿತ್ತು.

ಅಕ್ಟೋಬರ್ ೧೪

ಅವ್ವನ ಮೆಟ್ಟು ಬಂತು. ಪುಣ್ಯಾತ್ಮರು ಒಂದೇ ಸಲಕ್ಕೆ ಸರಿಯಾಗಿ ಮಾಡಿಕೊಟ್ಟಿದ್ದಾರೆ. ತಿಮ್ಮಮ್ಮನ ಕಾಲಿನಲ್ಲೂ ಒಂದು ಜೊತೆ ಇತ್ತು. ಕಾಲು ಮುಂದೆ ಚಾಚಿಕೊಂಡೇ ಕೂತಿದ್ದರು.

ಅವ್ವ ಮನೆ ಮುಂದೆ ಗೋಡೆ ಹಿಡಿದುಕೊಂಡು ನಡೆದು ನೋಡುತ್ತಾರೆ. ಯಾರಾದರೂ ಬಂದರೆ ನಿಂತುಬಿಡುತ್ತಾರೆ. ಎದುರುಮನೆಯವರು ನೋಡಿ, ಎಲ್ಲಿ ಮಾಡಿಸಿದಿರಿ, ನಮ್ಮ ಅಮ್ಮನಿಗೂ ಹೀಗೇ ಇದೆ ಎಂದು ಕೇಳಿದರು. ಅವ್ವ ತಾವೇ ದಾರಿ ಹೇಳಿದರು. ಅಳತೆ ಕೊಡಲು ಸಂಜೆಯೇ ಹೋಗಬೇಕು, ನಿಂತೇ ಕೊಡಬೇಕು ಎಂದೂ ಹೇಳಿಕೊಟ್ಟರು.

ನವೆಂಬರ್ ೬, ಭಾನುವಾರ

ಚೆಲುವಮ್ಮನ ಮಗುವಿಗೆ ಇವತ್ತು ನಾಮಕರಣ. ಬಿಡದೆ ಕರೆದಿದ್ದರು. ಗಾಡಿ ಕಳಿಸುತ್ತೇವೆ ಎಂದಿದ್ದರೂ ಅವ್ವ ಬೇಡವೆಂದರು. ಇಬ್ಬರೂ ನಡೆದೇ ಹೋದೆವು. ಅವ್ವ ಮೊದಮೊದಲು ನನ್ನ ಕೈ ಹಿಡಿದಿದ್ದರು. ಬೋಗಾದಿಯ ದಾರಿಗೆ ಬೀಳುವಷ್ಟರಲ್ಲಿ ಬಿಟ್ಟಿದ್ದರು.

ಮಗು ದುಂಡಗಾಗಿದೆ. ನನ್ನ ಮಡಿಲಲ್ಲಿ ಹಾಕಿದಾಗ ಹೊಟ್ಟೆ ತುಂಬಿದವಳ ಹಾಗೆ ಆಕಳಿಸಿತು. ಚೆಲುವಮ್ಮ ನನ್ನ ಕಾಲಿಗೆ ಬಿದ್ದು, ಎಲ್ಲರ ಮುಂದೆ ನನ್ನಿಂದಲೇ ಮಗು ಉಳಿದದ್ದು ಎಂದಳು. ಸುಮ್ಮನಿರು ಎಂದೆ. ಎಷ್ಟು ಜನರ ಕೈ ಸೇರಿ ನಾನು ಅಲ್ಲಿ ಕೂತಿದ್ದೆ ಎಂದು ಅವಳಿಗೇನು ಗೊತ್ತು. ಹಬ್ಬದೂಟದ ಹಾಗೆ ಬಡಿಸಿದರು. ಅವ್ವನನ್ನು ನನ್ನ ತಾಯಿಯೇ ಎಂದು ಯಾರೋ ಕೇಳಿದರು. ಹೌದು ಎಂದೆ.

ಬರುವಾಗ ಬಿಸಿಲು ಇಳಿದಿತ್ತು. ಅವ್ವ ಮಗನ ಮಾತು ತೆಗೆದರು. ನಮ್ಮವರು ಚಿಕ್ಕಂದಿನಲ್ಲಿ ಹೊಲಕ್ಕೆ ಬರುವಾಗ ತಾಯಿಯ ನೆರಳಿನ ಮೇಲೆಯೇ ಕಾಲಿಟ್ಟು ನಡೆಯುತ್ತಿದ್ದರಂತೆ, ಮಣ್ಣು ಸುಡದಿರಲಿ ಎಂದು. ಇಷ್ಟು ವರ್ಷ ನಾವಿಬ್ಬರೂ ಅವರ ಹೆಸರೆತ್ತಲು ಹೆದರಿಕೊಂಡೇ ಇದ್ದೆವು. ಇವತ್ತು ಅವ್ವ ಹೇಳುತ್ತ ಹೋದರು, ನಾನು ಕೇಳುತ್ತ ಹೋದೆ. ಇಬ್ಬರ ಕಣ್ಣೂ ಒದ್ದೆಯಾದರೂ ಯಾರೂ ಒರೆಸಿಕೊಳ್ಳಲಿಲ್ಲ.

ಕೆರೆಯ ಬಳಿ ನಮ್ಮ ಬೀದಿಗೆ ತಿರುಗುವ ಕಡೆ ನಾನು ತಿರುಗಿದೆ. ಅವ್ವ ನಿಂತೇ ಇದ್ದರು. ಕಾಲು ನೋಯುತ್ತಿದೆಯೇ ಎಂದು ಕೇಳಿದೆ.

"ಇಲ್ಲ ಕಣಮ್ಮ. ಇಷ್ಟ್ ಕಾಲ ನಡ್ದಿದ್ದೆಲ್ಲ ಕೆಲ್ಸಕ್ಕೇಂತ. ಸುಮ್ಕೆ ನಡ್ದೇ ಇಲ್ಲ ನಾನು. ಇವತ್ತು ವಸಿ ಸುಮ್ಕೆ ನಡ್ಯವಾ."

ಮನೆಯಲ್ಲಿ ದೀಪ ಹಚ್ಚುವ ಹೊತ್ತಾಗುತ್ತಿತ್ತು. ಅದು ನೆನಪಿದ್ದೂ ನಾನು ಹಿಂದಕ್ಕೆ ತಿರುಗಿದೆ. ಅವ್ವ ಮುಂದೆ, ನಾನು ಹಿಂದೆ, ಕೆರೆಯ ಏರಿಯ ಮೇಲೆ ಆ ತುದಿಯವರೆಗೂ ಹೋದೆವು.